ನೂರೊಂದನೆಯ ಕುಂಡ: ಗಾಂಧಾರಿಯ ಪಿಂಡವೂ ತದ್ರೂಪಿ ವಾದವೂ

ಕೌರವರ ಹುಟ್ಟನ್ನು ತದ್ರೂಪಿ ಸೃಷ್ಟಿಯೆಂದು ಸಾರುವವರೂ ಅದನ್ನು ಗೇಲಿ ಮಾಡುವವರೂ ಒಂದು ತಪ್ಪನ್ನು ಸಮನಾಗಿ ಹಂಚಿಕೊಂಡಿದ್ದಾರೆ. ಇಬ್ಬರ ಲೆಕ್ಕದಲ್ಲೂ ಕೌರವರ ತಂಗಿ ದುಶ್ಶಳೆ ಇಲ್ಲ. 2002ರಲ್ಲಿ ದೆಹಲಿಯ ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜಿನ ಶಸ್ತ್ರವೈದ್ಯ ಬಿ.ಜಿ. ಮಾತಾಪುರ್ಕರ್ ಈ ವಾದ ಮುಂದಿಟ್ಟಾಗ, ಪತ್ರಿಕೆಗಳು ವರದಿ ಮಾಡಿದಂತೆ, ಅವರು ಎತ್ತಿ ಹೇಳಿದ್ದೇ ನೂರು ಮಂದಿಯೂ ಗಂಡು, ಎಲ್ಲರೂ ಒಂದೇ ವಯಸ್ಸಿನವರು ಎಂಬ ಮಾತನ್ನು. 2019ರ ಜನವರಿಯಲ್ಲಿ ಜಲಂಧರದ 106ನೆಯ ಭಾರತೀಯ ವಿಜ್ಞಾನ ಸಮಾವೇಶದಲ್ಲಿ ಆಂಧ್ರ ವಿಶ್ವವಿದ್ಯಾಲಯದ ಅಂದಿನ ಕುಲಪತಿ ಜಿ. ನಾಗೇಶ್ವರ ರಾವ್ ಅವರದು ನೂರು ಅಂಡ, ನೂರು ಮಡಕೆ. ಮೂಲದಲ್ಲಿ ಅಂಡದ ಸುದ್ದಿಯೇ ಇಲ್ಲ, ಕುಂಡಗಳು ನೂರಕ್ಕೆ ನಿಲ್ಲುವುದೂ ಇಲ್ಲ. ಅವರನ್ನು ಲೇವಡಿ ಮಾಡಿದ ನಮ್ಮ ವಿಚಾರವಾದಿ ಗೆಳೆಯರಾದರೂ ಆದಿಪರ್ವವನ್ನು ತೆರೆದು ನೋಡಿದರೇ? ನಾನು ಕಂಡಮಟ್ಟಿಗೆ ಇಲ್ಲ.

ತೆರೆದರೆ ಸಿಗುವುದು ಒಂದಲ್ಲ, ಎರಡು ಪಾಠ. ಮೊದಲನೆಯದರಲ್ಲಿ ಗಾಂಧಾರಿ ಎರಡು ವರ್ಷ ಬಸಿರು ಹೊತ್ತು, ಕುಂತಿಗೆ ಮಗನಾದ ಸುದ್ದಿ ಕೇಳಿ ಹೊಟ್ಟೆ ಹೊಸೆದುಕೊಳ್ಳುತ್ತಾಳೆ. ಕಬ್ಬಿಣದ ಗುಂಡಿನಂಥ ಮಾಂಸಪಿಂಡ ಬೀಳುತ್ತದೆ. ತಣ್ಣೀರು ಚಿಮುಕಿಸಿ ಎಂದು ವ್ಯಾಸರು ಹೇಳುತ್ತಾರೆ. ನೆನೆದ ಪಿಂಡ ಹೆಬ್ಬೆರಳ ಗೆಣ್ಣಿನಷ್ಟು ಗಾತ್ರದ ನೂರೊಂದು ತುಣುಕಾಗುತ್ತದೆ. ಗಮನಿಸಿ, ಅದು ತಾನಾಗಿ ಒಡೆಯುತ್ತದೆ; ಯಾರೂ ಕತ್ತರಿಸುವುದಿಲ್ಲ. ಎರಡನೆಯ ಪಾಠ ಅದರ ಬೆನ್ನಿಗೇ ಬರುವ ಬೇರೆ ಅಧ್ಯಾಯ. ಋಷಿ ಕೊಟ್ಟ ವರ ನೂರು ಗಂಡುಮಕ್ಕಳದು, ಹಾಗಾದರೆ ಈ ಹೆಣ್ಣು ಎಲ್ಲಿಂದ ಬಂದಳು ಎಂದು ಜನಮೇಜಯ ಕೇಳುತ್ತಾನೆ. (ಕೇಳಬೇಕಾದ ಪ್ರಶ್ನೆಯನ್ನು ಕೇಳಿದವನು ಅವನೊಬ್ಬನೇ.) ಇಲ್ಲಿ ವ್ಯಾಸರೇ ನೀರು ಚಿಮುಕಿಸಿ ಪಾಲು ಮಾಡುತ್ತಾರೆ, ದಾದಿ ಒಂದೊಂದನ್ನೂ ತುಪ್ಪದ ಕುಂಡಕ್ಕೆ ಹಾಕುತ್ತಾಳೆ. ಅಷ್ಟರಲ್ಲಿ ಗಾಂಧಾರಿಗೆ ಮಗಳೊಬ್ಬಳು ಬೇಕೆಂದು ಒಳಗೊಳಗೇ ಆಸೆಯಾಗುತ್ತದೆ. ವ್ಯಾಸರು ಎಣಿಸಿ ನೋಡಿದರೆ ನೂರರ ಮೇಲೊಂದು ಪಾಲು ಉಳಿದಿದೆ. ಇದು ನಿನ್ನ ಮಗಳು ಎಂದು ಇನ್ನೊಂದು ಕುಂಡ ತರಿಸುತ್ತಾರೆ.

ಸುಕ್ತಂಕರ್ ಸಂಪಾದಿಸಿ, ಪುಣೆಯ ಭಂಡಾರಕರ್ ಸಂಸ್ಥೆ 1933ರಲ್ಲಿ ಪೂರ್ಣವಾಗಿ ಹೊರತಂದ ಆದಿಪರ್ವದ ಪರಿಷ್ಕೃತ ಆವೃತ್ತಿಯಲ್ಲಿ ಈ ಎರಡನೆಯ ಅಧ್ಯಾಯ ಮೂಲಪಾಠದಿಂದ ಹೊರಗುಳಿದಿದೆ. ಅದು ಹಿಂದಿನದೋ ಮುಂದಿನದೋ ಎಂಬ ಜಗಳ ನನ್ನ ವಾದಕ್ಕೆ ಬೇಕಾಗಿಲ್ಲ. ಬೇಕಾದದ್ದು ಇಷ್ಟು: ಪ್ರಯೋಗಾಲಯದ ವ್ಯಾಸರು, ಪಿಂಡವನ್ನು ಕೈಯಾರೆ ಭಾಗಮಾಡುವ ಆ ವಿಜ್ಞಾನಿ, ಸಿಗುವುದು ಎರಡನೆಯ ಪಾಠದಲ್ಲಿ ಮಾತ್ರ. ಆ ಪಾಠದಲ್ಲಿ ಕೊನೆಯ ಪಾಲು ಹೆಣ್ಣಾಗುವುದು ತಾಯಿಯ ಹಂಬಲದಿಂದ. ವ್ಯಾಸರ ಕೈಯನ್ನು ಇಟ್ಟುಕೊಂಡು ಗಾಂಧಾರಿಯ ಮನಸ್ಸನ್ನು ಬಿಟ್ಟುಬಿಡಲು ಆಗದು. ಮೊದಲನೆಯ ಪಾಠವೇ ಸಾಕೆಂದರೆ ತಂತ್ರಜ್ಞನೇ ಮಾಯ.

ಇನ್ನು ಜೀವಶಾಸ್ತ್ರ. ತದ್ರೂಪಿ ಕುರಿ ಡಾಲಿಯನ್ನು ಇಲ್ಲಿಗೆ ಎಳೆತರುವುದೇ ತಪ್ಪು. 1996ರಲ್ಲಿ ಆ ಕುರಿ ಹುಟ್ಟಿದ್ದು ವಯಸ್ಕ ಕುರಿಯ ಕೆಚ್ಚಲ ಕೋಶದ ಕೋಶಕೇಂದ್ರವನ್ನು ಬರಿದು ಮಾಡಿದ ಅಂಡಕ್ಕೆ ಸೇರಿಸಿ, 277 ಪ್ರಯತ್ನಗಳಲ್ಲಿ ಒಂದು ಫಲಿಸಿ. ಗಾಂಧಾರಿಯ ಕಥೆಗೆ ಹತ್ತಿರದ್ದು ಭ್ರೂಣ ವಿಭಜನೆ. 1993ರಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆರ‍್ರಿ ಹಾಲ್ ಮತ್ತು ರಾಬರ್ಟ್ ಸ್ಟಿಲ್‌ಮನ್ ಬದುಕಿ ಬೆಳೆಯಲಾರದ 17 ಮಾನವ ಭ್ರೂಣಗಳನ್ನು ಬಿಡಿಸಿ 48 ಮಾಡಿದರು. ಒಂದೇ ಭ್ರೂಣದ ತುಣುಕುಗಳಿಗೆ ವರ್ಣತಂತುಗಳು ಒಂದೇ. ನೂರು ತುಣುಕು ಗಂಡಾದರೆ ನೂರೊಂದನೆಯದೂ ಗಂಡಾಗಬೇಕು.

ಆಕ್ಷೇಪವೊಂದಿದೆ, ಮುಚ್ಚಿಡುವುದಿಲ್ಲ. ಬಲು ಅಪರೂಪಕ್ಕೆ ಒಂದು ತುಣುಕು ವೈ ವರ್ಣತಂತುವನ್ನು ಕಳೆದುಕೊಂಡು ಹೆಣ್ಣಾಗಬಹುದು. ಅದು ಟರ್ನರ್ ಸಿಂಡ್ರೋಮ್. ಅಂಥವರಲ್ಲಿ ಬಹುಪಾಲು ಜನರಿಗೆ ಮಕ್ಕಳಾಗುವುದಿಲ್ಲ. (ಅಜ್ಜಂಪುರದ ಅಮೃತಮಹಲ್ ತಳಿ ಕೇಂದ್ರದ ಸುತ್ತ ದನ ಕಾಯ್ದವರಿಗೆ ಇಂಥ ಅನುಮಾನ ಬೇರೊಂದು ದಾರಿಯಿಂದ ಬಂದೀತು: ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಸಾಮಾನ್ಯವಾಗಿ ಗೊಡ್ಡು. ಅಲ್ಲಿ ಕಾರಣ ಬೇರೆ. ಗರ್ಭದಲ್ಲಿ ರಕ್ತ ಬೆರೆಯುವುದರಿಂದ ಹಾಗಾಗುತ್ತದೆ.) ದುಶ್ಶಳೆಯಾದರೋ ಗೊಡ್ಡಲ್ಲ. ಜಯದ್ರಥನಿಂದ ಅವಳಿಗೆ ಸುರಥನೆಂಬ ಮಗ. ಅರ್ಜುನ ಬಂದನೆಂಬ ಸುದ್ದಿಗೇ ಅವನು ಸತ್ತಾಗ ಮೊಮ್ಮಗನನ್ನು ಎತ್ತಿಕೊಂಡು ರಣಕ್ಕೆ ಬಂದು ಯುದ್ಧ ನಿಲ್ಲಿಸಿದವಳು ಇವಳೇ. ಆ ಪ್ರಸಂಗ ಇರುವುದು ಆಶ್ವಮೇಧಿಕ ಪರ್ವದಲ್ಲಿ. ಆದಿಪರ್ವದ ಎರಡು ಪುಟ ಓದಿ ಎದ್ದವರಿಗೆ ಅದು ಸಿಗುವುದಿಲ್ಲ.

ತುಪ್ಪವನ್ನು ಕೋಶ ಬೆಳೆಸುವ ಮಾಧ್ಯಮವೆನ್ನುವವರಿಗೆ ಹೆಚ್ಚು ಉತ್ತರ ಬೇಡ. ಕೋಶಗಳಿಗೆ ಬೇಕಾದದ್ದು ಉಪ್ಪು, ಸಕ್ಕರೆ, ಅಮೈನೋ ಆಮ್ಲ ಕರಗಿದ ನೀರು. ನೀರಿನಂಶವನ್ನೇ ಕಾಯಿಸಿ ಕಳೆದದ್ದು ತುಪ್ಪ. ರಾಮಾಯಣದ ಬಾಲಕಾಂಡದಲ್ಲಿ ಸಗರನ ಹೆಂಡತಿ ಸುಮತಿ ಹೆತ್ತ ಸೋರೆಬುರುಡೆಯಂಥ ಪಿಂಡದಿಂದ ಬಂದ ಅರವತ್ತು ಸಾವಿರ ಮಕ್ಕಳೂ ತುಪ್ಪದ ಕೊಡಗಳಲ್ಲೇ ಬೆಳೆದರು. ಬಹುಸಂತಾನದ ಕಥೆಗೆ ಅದು ಸಿದ್ಧ ಪರಿಕರ.

ಪಿಂಡದಲ್ಲಿದ್ದದ್ದು ಆಕರಕೋಶ (ಸ್ಟೆಮ್ ಸೆಲ್) ಎಂಬ ಮಾತೂ ಹೀಗೆಯೇ. ('ಕಾಂಡಕೋಶ' ಎಂಬ ಪದ ನನಗೆ ಹಿಡಿಸದು, ಗಿಡದ ಕಾಂಡಕ್ಕೂ ಇದಕ್ಕೂ ಸಂಬಂಧವಿಲ್ಲ.) ಭ್ರೂಣದ ಆಕರಕೋಶ ಸಿಗುವುದು ಫಲಿತವಾದ ಐದಾರು ದಿನದ ಭ್ರೂಣದಲ್ಲಿ, ಎರಡು ವರ್ಷದ ಗಟ್ಟಿ ಪಿಂಡದಲ್ಲಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಂದಾರ್ ಅವರ ತಂಡ, ಚಿಕಿತ್ಸೆಗೆ ಒದಗದೆ ಉಳಿದ ಭ್ರೂಣಗಳಿಂದ ಬಿಜೆಎನ್‌ಹೆಮ್19, ಬಿಜೆಎನ್‌ಹೆಮ್20 ಎಂಬ ಕೋಶಸಂತತಿಗಳನ್ನು ಬೆಳೆಸಿತು. ನಮ್ಮ ನಾಡಿನ ಈ ಕೆಲಸದ ಬಗ್ಗೆ ಸಭೆಗಳಲ್ಲಿ ಒಂದು ಮಾತೂ ಇಲ್ಲ, ಹಸ್ತಿನಾವತಿಯ ಕುಂಡಗಳಿಗೆ ಮಾತ್ರ ಚಪ್ಪಾಳೆ. ಆಕರಕೋಶ ಸಂಶೋಧನೆಯ 2017ರ ರಾಷ್ಟ್ರೀಯ ಮಾರ್ಗಸೂಚಿ ಮನುಷ್ಯರ ತದ್ರೂಪಿ ಸೃಷ್ಟಿಯನ್ನು ನಿಷೇಧಿಸಿದೆ. ಮೂಳೆಮಜ್ಜೆ ಕಸಿಯಂಥ ರಕ್ತರೋಗದ ಚಿಕಿತ್ಸೆಗಳ ಆಚೆ ಆಕರಕೋಶವನ್ನು ಅನುಮೋದಿತ ಪ್ರಯೋಗದ ಹೊರಗೆ ಬಳಸಬಾರದೆನ್ನುತ್ತದೆ. ನಮ್ಮಲ್ಲಿ ಮೊದಲೇ ಇತ್ತು ಎಂಬ ಹೆಮ್ಮೆ, ಇನ್ನೂ ಸಾಬೀತಾಗದ ಚಿಕಿತ್ಸೆಗೆ ಹಣ ಹೊಂದಿಸುವ ಮನೆಯವರ ಕಿವಿಗೂ ಬೀಳುತ್ತದೆ.

ಕಡೂರು, ತರೀಕೆರೆ ಕಡೆಯ ಗಮಕ ಕೇಳಿ ಬೆಳೆದ ನನಗೆ ಇನ್ನೊಂದು ಕಿರಿಕಿರಿ, ಈ ಓದು ಈಗ ಜೈಮಿನಿ ಭಾರತದ ಕವಿ ಲಕ್ಷ್ಮೀಶನಿಗೂ ಅಂಟುತ್ತಿರುವುದು. ಅವನು ಕಡೂರು ತಾಲ್ಲೂಕಿನ ದೇವನೂರಿನವನು (ಸುರಪುರದವನೆಂಬವರ ವಾದ ನನಗೆ ಒಪ್ಪಿಗೆಯಿಲ್ಲ, ಅದು ಇರಲಿ). ಬಭ್ರುವಾಹನ ಕೊಂದ ಅರ್ಜುನನನ್ನು ಬದುಕಿಸಿದ ನಾಗಲೋಕದ ಮಣಿಯೇ ಪುನರುಜ್ಜೀವನ ಚಿಕಿತ್ಸೆ ಎನ್ನುತ್ತಾರೆ. ವ್ಯಾಸಭಾರತದಲ್ಲಿ ಅರ್ಜುನ ಬಾಣ ನಾಟಿ ಬೀಳುತ್ತಾನೆ, ಎದೆಯ ಮೇಲೆ ಮಣಿ ಇಟ್ಟರೆ ಏಳುತ್ತಾನೆ. ವಾದಕ್ಕೆ ಒಗ್ಗುವುದು ಆ ಪಾಠ. ಜೈಮಿನಿಯನ್ನು ಹಿಡಿದು ಬರೆದ ಲಕ್ಷ್ಮೀಶನಲ್ಲಿ ತಲೆಯೇ ಉರುಳುತ್ತದೆ, ಮಣಿ ಬರುವಷ್ಟರಲ್ಲಿ ಆ ತಲೆ ಕಳುವಾಗುತ್ತದೆ. ಮಣಿ ಕೈಯಲ್ಲಿದ್ದರೂ, ಪಕ್ಕದಲ್ಲಿ ಕೃಷ್ಣನೇ ನಿಂತಿದ್ದರೂ ಮುಂಡದ ಮೇಲೆ ಹೊಸ ತಲೆ ಚಿಗುರುವುದಿಲ್ಲ. ಕೃಷ್ಣ ಆಣೆಯಿಟ್ಟು, ಕದ್ದೊಯ್ದ ಆ ತಲೆಯನ್ನೇ ತರಿಸಬೇಕಾಗುತ್ತದೆ.