ವಿಮಾನ ಪ್ರಯಾಣದಲ್ಲಿ ಪರವಾನಗಿ ಹೊಂದಿದ ರೈಫಲ್ ಒಯ್ಯುವ ಬಗ್ಗೆ: ಪೆಟ್ಟಿಗೆಯ ಆಯ್ಕೆ ಮತ್ತು ಜೋಡಣೆ ಕುರಿತು ಸಾರ್ವಜನಿಕ ಮಾಹಿತಿ

ಮೈಸೂರು ನಗರದ ಕೃಷ್ಣಮೂರ್ತಿಪುರಂ ಹಾಗೂ ಸುತ್ತಮುತ್ತಲಿನ ಬಡಾವಣೆಗಳಲ್ಲಿ ವಾಸವಾಗಿರುವ ಆಯುಧ ಪರವಾನಗಿದಾರರು, ಗುರಿ ಸ್ಪರ್ಧೆಗಳಲ್ಲಿ ಭಾಗವಹಿಸುವ ಕ್ರೀಡಾಪಟುಗಳು ಮತ್ತು ಅವರ ಪೋಷಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ. ರೈಫಲನ್ನು ವಿಮಾನದಲ್ಲಿ ಒಯ್ಯುವುದಕ್ಕೆ ಅವಕಾಶವಿದೆ. ಆದರೆ ಆಯುಧ ಕಾನೂನು, ವಿಮಾನಯಾನ ಭದ್ರತಾ ನಿಯಮ ಮತ್ತು ವಿಮಾನಯಾನ ಸಂಸ್ಥೆಯ ಷರತ್ತು ಈ ಮೂರನ್ನೂ ಏಕಕಾಲಕ್ಕೆ ಪಾಲಿಸಬೇಕಾಗುತ್ತದೆ. ಉತ್ತಮ ಪೆಟ್ಟಿಗೆಯನ್ನು ಕೊಂಡ ಮಾತ್ರಕ್ಕೆ ಈ ಜವಾಬ್ದಾರಿ ಮುಗಿಯುವುದಿಲ್ಲ. ಪ್ರಯಾಣಿಕರು ತೊಂದರೆಗೆ ಸಿಲುಕುವುದು ಹೆಚ್ಚಾಗಿ ಪೆಟ್ಟಿಗೆಯೊಳಗಿನ ರೈಫಲಿನಿಂದಲ್ಲ, ಕೈಚೀಲದ ಮೂಲೆಯಲ್ಲಿ ಮರೆತು ಉಳಿದ ಒಂದು ತೋಟಾದಿಂದ ಎಂಬುದನ್ನು ಮೊದಲಿಗೇ ಗಮನಕ್ಕೆ ತರಲಾಗಿದೆ.

1. ಅನ್ವಯವಾಗುವ ಕಾನೂನು

ಆಯುಧಗಳ ಸ್ವಾಧೀನ ಮತ್ತು ಸಾಗಣೆಗೆ ಆಯುಧ ಅಧಿನಿಯಮ, 1959 ಮತ್ತು ಆಯುಧ ನಿಯಮಗಳು, 2016 ಅನ್ವಯವಾಗುತ್ತವೆ. 2019ರ ತಿದ್ದುಪಡಿಯಿಂದಾಗಿ ಪರವಾನಗಿಯ ಅವಧಿಯು 3 ವರ್ಷಗಳಿಂದ 5 ವರ್ಷಗಳಿಗೆ ಹೆಚ್ಚಿದೆ. ಸಾಮಾನ್ಯ ಪರವಾನಗಿದಾರರು ಹೊಂದಬಹುದಾದ ಬಂದೂಕುಗಳ ಸಂಖ್ಯೆ 3ರಿಂದ 2ಕ್ಕೆ ಇಳಿದಿದೆ. ಸಾರ್ವಜನಿಕ ಸ್ಥಳದಲ್ಲಿ ರೈಫಲನ್ನು ಒಯ್ಯುವಾಗ ಅದು ಅದಕ್ಕೆಂದೇ ಮಾಡಿದ ಚೀಲ ಅಥವಾ ಪೆಟ್ಟಿಗೆಯಲ್ಲಿ ಪೂರ್ಣವಾಗಿ ಮುಚ್ಚಿರಬೇಕೆಂದು ನಿಯಮಗಳು ವಿಧಿಸುತ್ತವೆ. ಆದುದರಿಂದ ಮನೆಯಿಂದ ವಿಮಾನ ನಿಲ್ದಾಣದವರೆಗಿನ ರಸ್ತೆ ಪ್ರಯಾಣಕ್ಕೂ ಪೆಟ್ಟಿಗೆ ಅವಶ್ಯಕ.

ವಿಮಾನ ಪ್ರಯಾಣದ ಭದ್ರತೆಯ ಬಗ್ಗೆ ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ ಹೊರಡಿಸುವ ಆದೇಶಗಳನ್ನು ಎಲ್ಲ ವಿಮಾನಯಾನ ಸಂಸ್ಥೆಗಳೂ ಪಾಲಿಸತಕ್ಕದ್ದು. ಬಂದೂಕು, ಅದರ ಬಿಡಿಭಾಗಗಳು ಮತ್ತು ಮದ್ದುಗುಂಡುಗಳನ್ನು ಪ್ರಯಾಣಿಕರು ತಮ್ಮೊಂದಿಗೆ ವಿಮಾನದ ಒಳಗೆ ಒಯ್ಯುವಂತಿಲ್ಲ. ಅವುಗಳನ್ನು ಕೌಂಟರಿನಲ್ಲಿ ಘೋಷಿಸಿ, ನೋಂದಾಯಿತ ಲಗೇಜಿನಲ್ಲಿ ಮಾತ್ರ ಕಳುಹಿಸತಕ್ಕದ್ದು.

2. ಪ್ರಯಾಣಕ್ಕೆ ಮುನ್ನ ದಾಖಲೆಗಳ ಪರಿಶೀಲನೆ

ಟಿಕೆಟ್ ಕಾಯ್ದಿರಿಸುವ ಮೊದಲೇ ಈ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು.

ಅ) ಪರವಾನಗಿಯ ಅವಧಿಯು ಮರಳಿ ಬರುವ ದಿನಾಂಕದವರೆಗೂ ಚಾಲ್ತಿಯಲ್ಲಿರಬೇಕು.

ಆ) ಪರವಾನಗಿಯಲ್ಲಿ ಯುಐಎನ್ ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಸಂಖ್ಯೆ ನಮೂದಾಗಿರಬೇಕು.

ಇ) ರೈಫಲಿನ ಮೇಲೆ ಕೊರೆದಿರುವ ಕ್ರಮಸಂಖ್ಯೆಯು ಪರವಾನಗಿಯಲ್ಲಿ ನಮೂದಿಸಿದ ಸಂಖ್ಯೆಗೆ ಅಕ್ಷರಶಃ ತಾಳೆಯಾಗಬೇಕು. ಒಂದು ಅಂಕಿಯ ವ್ಯತ್ಯಾಸವಿದ್ದರೂ ಮೊದಲು ಪರವಾನಗಿ ಪ್ರಾಧಿಕಾರದಲ್ಲಿ ಸರಿಪಡಿಸಿಕೊಳ್ಳುವುದು.

ಈ) ಪರವಾನಗಿಯ ಪ್ರಾದೇಶಿಕ ವ್ಯಾಪ್ತಿಯನ್ನು ಓದಿ ನೋಡುವುದು. ಕರ್ನಾಟಕ ರಾಜ್ಯಕ್ಕೆ ಸೀಮಿತವಾದ ಪರವಾನಗಿಯ ಆಧಾರದ ಮೇಲೆ ದೆಹಲಿಗೋ ಭೋಪಾಲಕ್ಕೋ ರೈಫಲ್ ಒಯ್ಯಲು ಬರುವುದಿಲ್ಲ. ವ್ಯಾಪ್ತಿ ವಿಸ್ತರಣೆ ಬೇಕಾದವರು ಸಕಾರಣವಾಗಿ ಅರ್ಜಿ ಸಲ್ಲಿಸತಕ್ಕದ್ದು. ಮೈಸೂರು ನಗರ ವ್ಯಾಪ್ತಿಯವರಿಗೆ ನಗರ ಪೊಲೀಸ್ ಆಯುಕ್ತರೂ, ನಗರದ ಹೊರಗಿನ ತಾಲ್ಲೂಕುಗಳವರಿಗೆ ಜಿಲ್ಲಾ ದಂಡಾಧಿಕಾರಿಗಳೂ ಪರವಾನಗಿ ಪ್ರಾಧಿಕಾರವಾಗಿರುತ್ತಾರೆ. ಪರಿಶೀಲನೆಗೆ ಕಾಲಾವಕಾಶ ಬೇಕಾಗುವುದರಿಂದ ಸ್ಪರ್ಧೆಯ ದಿನಾಂಕ ಪ್ರಕಟವಾದ ಕೂಡಲೇ ಅರ್ಜಿ ಸಲ್ಲಿಸುವುದು ಸೂಕ್ತ.

ಉ) ಚುನಾವಣೆ ಘೋಷಣೆಯಾದಾಗ ಆಯುಧಗಳನ್ನು ಠೇವಣಿ ಇಡುವಂತೆ ಆದೇಶ ಹೊರಡುವುದುಂಟು. ಹೊರಡುವ ಊರು ಮತ್ತು ತಲುಪುವ ಊರು ಎರಡರಲ್ಲೂ ಅಂತಹ ಆದೇಶವಿದೆಯೇ, ಕ್ರೀಡಾಪಟುಗಳಿಗೆ ವಿನಾಯಿತಿ ದೊರೆಯುವುದೇ ಎಂದು ವಿಚಾರಿಸಿಕೊಳ್ಳುವುದು.

ಪ್ರಯಾಣದಲ್ಲಿ ಮೂಲ ಪರವಾನಗಿಯನ್ನೇ ಕೈಯಲ್ಲಿಟ್ಟುಕೊಳ್ಳಬೇಕು. ಜೊತೆಗೆ ಎರಡು ಜೆರಾಕ್ಸ್ ಪ್ರತಿಗಳು, ಭಾವಚಿತ್ರವಿರುವ ಗುರುತಿನ ಚೀಟಿ ಮತ್ತು ಕ್ರೀಡಾಪಟುಗಳಾದಲ್ಲಿ ರೈಫಲ್ ಸಂಸ್ಥೆಯ ಗುರುತಿನ ಚೀಟಿ ಹಾಗೂ ಸ್ಪರ್ಧೆಯ ಆಹ್ವಾನಪತ್ರ ಇರಲಿ. ಪರವಾನಗಿದಾರರ ಹೆಸರಿನಲ್ಲಿರುವ ರೈಫಲನ್ನು ಅವರ ಪತ್ನಿ, ಮಗ ಅಥವಾ ಸ್ನೇಹಿತರು ತಮ್ಮ ಲಗೇಜಿನಲ್ಲಿ ಒಯ್ಯುವಂತಿಲ್ಲ.

3. ಪೆಟ್ಟಿಗೆಯ ಆಯ್ಕೆ

ಬಟ್ಟೆ ಅಥವಾ ರೆಕ್ಸಿನ್ನಿನ ಮೆತ್ತನೆಯ ಚೀಲವು ಅಭ್ಯಾಸಕ್ಕೆ ಹೋಗಿಬರಲು ಸಾಕಾಗಬಹುದು. ವಿಮಾನದ ಲಗೇಜಿಗೆ ಅದು ತಕ್ಕದ್ದಲ್ಲ. ಗಟ್ಟಿ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂನಿಂದ ಮಾಡಿದ ಪೆಟ್ಟಿಗೆಯನ್ನು ಆರಿಸಿಕೊಳ್ಳುವುದು. ಕೊಳ್ಳುವಾಗ ಈ ಅಂಶಗಳನ್ನು ಗಮನಿಸುವುದು.

ಬೀಗ: ಕನಿಷ್ಠ ಎರಡು ಕಡೆ ಬೀಗ ಹಾಕುವ ಅವಕಾಶವಿರಬೇಕು. ಬೀಗ ಹಾಕಿದ ಮೇಲೆ ಮುಚ್ಚಳದ ಮೂಲೆಯನ್ನು ಎತ್ತಿ ನೋಡುವುದು. ಕೈ ತೂರುವಷ್ಟು ಸಂದು ಬಿಡುವ ಪೆಟ್ಟಿಗೆಯನ್ನು ಬೀಗ ಹಾಕಿದ ಪೆಟ್ಟಿಗೆಯೆಂದು ಪರಿಗಣಿಸಲಾಗದು. ಬೀಗದ ಕೈಗಳು ಪ್ರಯಾಣಿಕರ ಬಳಿಯೇ ಇರತಕ್ಕದ್ದು.

ಒಳ ಅಳತೆ: ರೈಫಲಿನ ಒಟ್ಟು ಉದ್ದಕ್ಕಿಂತ ಎರಡೂ ತುದಿಗಳಲ್ಲಿ ನಾಲ್ಕು ಬೆರಳಿನಷ್ಟು ಹೆಚ್ಚು ಜಾಗವಿರಬೇಕು. ನಳಿಕೆಯ ತುದಿ ಪೆಟ್ಟಿಗೆಯ ಗೋಡೆಗೆ ತಾಗಿದ್ದರೆ, ಪೆಟ್ಟಿಗೆ ಕೆಳಗೆ ಬಿದ್ದಾಗ ಪೆಟ್ಟು ನೇರವಾಗಿ ನಳಿಕೆಗೆ ಬೀಳುತ್ತದೆ.

ಹೊರ ಅಳತೆ: ವಿಮಾನಯಾನ ಸಂಸ್ಥೆಗಳು ಸಾಮಾನ್ಯವಾಗಿ ಉದ್ದ, ಅಗಲ ಮತ್ತು ಎತ್ತರಗಳ ಮೊತ್ತ 158 ಸೆಂ.ಮೀ. ಮೀರದ ಲಗೇಜನ್ನು ಸಾಧಾರಣ ಲಗೇಜೆಂದು ಸ್ವೀಕರಿಸುತ್ತವೆ. 122 ಸೆಂ.ಮೀ. ಉದ್ದ, 32 ಸೆಂ.ಮೀ. ಅಗಲ ಮತ್ತು 12 ಸೆಂ.ಮೀ. ಎತ್ತರದ ಪೆಟ್ಟಿಗೆಯ ಮೊತ್ತ 166 ಸೆಂ.ಮೀ. ಆಗುತ್ತದೆ. ಆದ್ದರಿಂದ ಬಿಚ್ಚಿಡಲು ಬಾರದ ರೈಫಲಿನ ಪೆಟ್ಟಿಗೆಯು ಅಳತೆ ಮೀರಿದ ಲಗೇಜಾಗುವುದೇ ಹೆಚ್ಚು. ಇದನ್ನು ಸಂಸ್ಥೆಗೆ ಮುಂಚಿತವಾಗಿ ತಿಳಿಸುವುದು.

ತೂಕ: ದೇಶದೊಳಗಿನ ಸಾಮಾನ್ಯ ದರ್ಜೆಯ ಟಿಕೆಟ್‌ಗಳಲ್ಲಿ ಬಹುತೇಕ 15 ಕೆ.ಜಿ. ಲಗೇಜಿಗೆ ಅವಕಾಶವಿರುತ್ತದೆ. ಅಂತಾರಾಷ್ಟ್ರೀಯ ಸ್ಪರ್ಧಾ ನಿಯಮಗಳ ಪ್ರಕಾರ 10 ಮೀಟರ್ ಏರ್ ರೈಫಲಿನ ಗರಿಷ್ಠ ತೂಕ 5.5 ಕೆ.ಜಿ. ಪೆಟ್ಟಿಗೆಯೇ 6 ಕೆ.ಜಿ. ತೂಗಿದಲ್ಲಿ ಎರಡೂ ಸೇರಿ 11.5 ಕೆ.ಜಿ. ಆಗುತ್ತದೆ. ಬಟ್ಟೆಬರೆ, ಶೂಟಿಂಗ್ ಜಾಕೆಟ್ಟು ಮತ್ತು ಬೂಟುಗಳಿಗೆ ಉಳಿಯುವುದು 3.5 ಕೆ.ಜಿ. ಮಾತ್ರ. ಹೆಚ್ಚುವರಿ ತೂಕಕ್ಕೆ ಮೊದಲೇ ಹಣ ಪಾವತಿಸುವುದು ಸಾಮಾನ್ಯವಾಗಿ ಅಗ್ಗ.

ಗಾಳಿ ಕವಾಟ: ನೀರು ಹೋಗದಂತೆ ರಬ್ಬರ್ ಪಟ್ಟಿ ಅಳವಡಿಸಿದ ಪೆಟ್ಟಿಗೆಗಳಲ್ಲಿ ಒತ್ತಡ ಸರಿದೂಗಿಸುವ ಸಣ್ಣ ಕವಾಟವಿರಬೇಕು. ಅದಿಲ್ಲದಿದ್ದಲ್ಲಿ, ಎತ್ತರದಲ್ಲಿ ಒಳಗಿನ ಗಾಳಿ ಹೊರಹೋಗಿ, ಕೆಳಗಿಳಿದ ಮೇಲೆ ಮುಚ್ಚಳ ತೆರೆಯುವುದೇ ಕಷ್ಟವಾಗುತ್ತದೆ.

ಹೊರನೋಟ: ಬಂದೂಕಿನ ಚಿತ್ರ ಅಥವಾ ತಯಾರಕರ ದೊಡ್ಡ ಚೀಟಿಗಳಿಲ್ಲದ ಸಾದಾ ಪೆಟ್ಟಿಗೆ ಉತ್ತಮ. ಒಳಗೆ ಬಂದೂಕಿದೆ ಎಂದು ಹೊರಗೆ ಬರೆಯುವುದು ಕಳವಿಗೆ ಆಹ್ವಾನವಿತ್ತಂತೆ. ಹೆಸರು ಮತ್ತು ದೂರವಾಣಿ ಸಂಖ್ಯೆಯನ್ನು ಹೊರಗೂ ಒಳಗೂ ಅಂಟಿಸಿರಬೇಕು.

4. ರೈಫಲನ್ನು ಜೋಡಿಸುವ ಕ್ರಮ

ಅ) ಸುರಕ್ಷಿತ ಸ್ಥಳದಲ್ಲಿ ಮ್ಯಾಗಜೀನ್ ತೆಗೆದು, ಬೋಲ್ಟ್ ಎಳೆದು, ಗುಂಡಿನ ಕೋಣೆಯನ್ನು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸುವುದು. ಎರಡನೆಯವರೊಬ್ಬರಿಂದ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯ ರೂಢಿ.

ಆ) ಬೋಲ್ಟನ್ನು ಬೇರ್ಪಡಿಸಿ, ಬಟ್ಟೆಯಲ್ಲಿ ಸುತ್ತಿ, ಅದೇ ಪೆಟ್ಟಿಗೆಯ ಬೇರೆ ಕುಳಿಯಲ್ಲಿಡುವುದು. ಬೋಲ್ಟ್ ಬಂದೂಕಿನ ಭಾಗವಾದ್ದರಿಂದ ಅದನ್ನು ಕೈಚೀಲದಲ್ಲಿ ಒಯ್ಯಬಾರದು. ಬಣ್ಣದ ಸುರಕ್ಷತಾ ದಾರ ಅಥವಾ ಪಟ್ಟಿಯನ್ನು ಕೋಣೆಯಲ್ಲಿ ತೂರಿಸಿಟ್ಟರೆ ಬಂದೂಕು ಖಾಲಿಯಿರುವುದು ಪರಿಶೀಲಿಸುವವರಿಗೆ ತಕ್ಷಣ ಕಾಣುತ್ತದೆ.

ಇ) ದೂರದರ್ಶಕ ಅಥವಾ ಗುರಿಕಂಡಿಗಳನ್ನು ಬಿಚ್ಚಲು ಸಾಧ್ಯವಿದ್ದರೆ ಬಿಚ್ಚಿ ಪ್ರತ್ಯೇಕವಾಗಿ ಸುತ್ತಿಡುವುದು. ಬಿಚ್ಚದಿದ್ದಲ್ಲಿ ಪೆಟ್ಟಿಗೆಯ ಭಾರ ಅವುಗಳ ಮೇಲೆ ಬೀಳದಂತೆ ಸುತ್ತಲೂ ಫೋಮ್ ಕೊಡುವುದು.

ಈ) ರೈಫಲಿನ ಆಕಾರಕ್ಕೆ ಕತ್ತರಿಸಿದ ದಪ್ಪ ಫೋಮ್, ಮೊಟ್ಟೆಯ ಟ್ರೇ ಆಕಾರದ ತೆಳು ಫೋಮಿಗಿಂತ ಹೆಚ್ಚು ಭದ್ರ. ಬೀಗ ಹಾಕಿದ ನಂತರ ಪೆಟ್ಟಿಗೆಯನ್ನು ನಿಧಾನವಾಗಿ ಅಲುಗಾಡಿಸಿದಾಗ ಒಳಗಿನಿಂದ ಸದ್ದು ಬರಬಾರದು.

ಉ) ಏರ್ ರೈಫಲಿನ ಗಾಳಿ ಸಿಲಿಂಡರನ್ನು ಪೂರ್ಣ ಖಾಲಿ ಮಾಡಿ, ರೈಫಲಿನಿಂದ ಬಿಚ್ಚಿ ಇಡುವುದು. ಒತ್ತಡವಿರುವ ಸಿಲಿಂಡರನ್ನು ವಿಮಾನಯಾನ ಸಂಸ್ಥೆ ನಿರಾಕರಿಸಬಹುದು. ಬೇಗನೆ ಹೊತ್ತಿಕೊಳ್ಳುವ ಶುಚಿದ್ರಾವಣಗಳನ್ನೂ ಅಂತಹ ಸ್ಪ್ರೇ ಡಬ್ಬಿಗಳನ್ನೂ ಪೆಟ್ಟಿಗೆಯಲ್ಲಿಡಬಾರದು.

ಊ) ಫೋಮ್ ತೇವವನ್ನು ಹಿಡಿದಿಡುತ್ತದೆ. ತೆಳುವಾಗಿ ಎಣ್ಣೆ ಒರೆಸಿ, ಸಿಲಿಕಾ ಜೆಲ್ ಪೊಟ್ಟಣವನ್ನಿಡುವುದು. ಊರು ತಲುಪಿದ ಮೇಲೆ, ವಿಶೇಷವಾಗಿ ಮಳೆಗಾಲದಲ್ಲಿ, ರೈಫಲನ್ನು ಪೆಟ್ಟಿಗೆಯಲ್ಲೇ ದಿನಗಟ್ಟಲೆ ಬಿಡದೆ ಹೊರತೆಗೆದು ಒರೆಸುವುದು.

5. ಮದ್ದುಗುಂಡುಗಳು

ತೋಟಾಗಳನ್ನು ರೈಫಲಿನಿಂದ ಬೇರ್ಪಡಿಸಿ, ಕಾರ್ಖಾನೆಯ ಮೂಲ ಡಬ್ಬಿಯಲ್ಲಿ ಅಥವಾ ಒಂದೊಂದಕ್ಕೂ ಪ್ರತ್ಯೇಕ ಕುಳಿಯಿರುವ ಡಬ್ಬಿಯಲ್ಲಿಟ್ಟು, ಬೀಗವಿರುವ ಬೇರೆ ನೋಂದಾಯಿತ ಲಗೇಜಿನಲ್ಲಿ ಕಳುಹಿಸುವುದು. ದೇಶದೊಳಗಿನ ಪ್ರಯಾಣದಲ್ಲಿ ಸಾಮಾನ್ಯ ಪ್ರಯಾಣಿಕರೊಬ್ಬರಿಗೆ 50 ತೋಟಾಗಳ ಮಿತಿಯಿದೆ. ಅಂತಾರಾಷ್ಟ್ರೀಯ ಅಪಾಯಕಾರಿ ಸರಕು ನಿಯಮಗಳ ಪ್ರಕಾರ ಡಬ್ಬಿಯೂ ಸೇರಿ ಒಬ್ಬರಿಗೆ 5 ಕೆ.ಜಿ. ಮೀರಬಾರದು, ಮತ್ತು ಇಬ್ಬರ ಪಾಲನ್ನು ಒಂದೇ ಪೊಟ್ಟಣದಲ್ಲಿ ಸೇರಿಸಬಾರದು. ಕ್ರೀಡಾಪಟುಗಳು ಇದಕ್ಕಿಂತ ಹೆಚ್ಚು ತೋಟಾಗಳನ್ನು ಒಯ್ಯಬೇಕಾದಲ್ಲಿ ವಿಮಾನಯಾನ ಸಂಸ್ಥೆಯಿಂದ ಮುಂಚಿತವಾಗಿ ಲಿಖಿತ ಒಪ್ಪಿಗೆ ಪಡೆಯತಕ್ಕದ್ದು. ಬಿಡಿ ಕೋವಿಮದ್ದು, ಕೇಪು ಮತ್ತು ಸ್ಫೋಟಕ ಅಥವಾ ಬೆಂಕಿ ಹೊತ್ತಿಸುವ ಗುಂಡುಗಳಿಗೆ ಯಾವುದೇ ಲಗೇಜಿನಲ್ಲಿ ಅವಕಾಶವಿಲ್ಲ.

ವಿಶೇಷ ಎಚ್ಚರಿಕೆ: ಅಭ್ಯಾಸಕ್ಕೆ ಬಳಸುವ ಚೀಲವನ್ನು ವಿಮಾನದ ಕೈಚೀಲವಾಗಿ ಬಳಸಬೇಡಿ. ಜಾಕೆಟ್ಟಿನ ಜೇಬು, ಚೀಲದ ಒಳಪದರ, ಕ್ಯಾಮೆರಾ ಚೀಲ, ಕಾರಿನಿಂದ ತಂದ ಬ್ಯಾಗು ಇವೆಲ್ಲವನ್ನೂ ತಲೆಕೆಳಗು ಮಾಡಿ ಕೊಡವಿ ನೋಡಿ. ಭದ್ರತಾ ತಪಾಸಣೆಯಲ್ಲಿ ಕೈಚೀಲದಿಂದ ಒಂದೇ ತೋಟಾ ದೊರೆತರೂ ಪ್ರಯಾಣಿಕರನ್ನು ಪೊಲೀಸರಿಗೆ ಒಪ್ಪಿಸಲಾಗುತ್ತದೆ. ಆಯುಧ ಅಧಿನಿಯಮದಡಿ ಅಪರಾಧವಾಗಲು ವಸ್ತು ತನ್ನ ಬಳಿಯಿದೆ ಎಂಬ ಅರಿವು ಇರಬೇಕೆಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯವು 1972ರ ಗುಣವಂತಲಾಲ್ ಪ್ರಕರಣದಲ್ಲಿ ವಿವರಿಸಿದೆ. ಇದರ ಆಧಾರದಲ್ಲಿ ಉಚ್ಚ ನ್ಯಾಯಾಲಯಗಳು ಅನೇಕ ಪ್ರಕರಣಗಳನ್ನು ರದ್ದುಪಡಿಸಿದ್ದುಂಟು. ಆದರೆ ಅಷ್ಟರೊಳಗೆ ವಿಮಾನ ತಪ್ಪಿರುತ್ತದೆ, ಸ್ಪರ್ಧೆ ಮುಗಿದಿರುತ್ತದೆ, ದೂರದ ಊರಿನ ನ್ಯಾಯಾಲಯಕ್ಕೆ ಅಲೆದಾಟ ಆರಂಭವಾಗಿರುತ್ತದೆ. ಮನೆಯಲ್ಲಿ ಹತ್ತು ನಿಮಿಷದ ತಪಾಸಣೆಯಿಂದ ಇದೆಲ್ಲವನ್ನೂ ತಪ್ಪಿಸಬಹುದು.

6. ವಿಮಾನ ನಿಲ್ದಾಣದಲ್ಲಿ

ಕೃಷ್ಣಮೂರ್ತಿಪುರಂ ನಿವಾಸಿಗಳಿಗೆ ನಂಜನಗೂಡು ರಸ್ತೆಯಲ್ಲಿರುವ ಮಂಡಕಳ್ಳಿಯ ಮೈಸೂರು ವಿಮಾನ ನಿಲ್ದಾಣ ಸಮೀಪವಾದದ್ದು. ಅಲ್ಲಿ ಸಣ್ಣ ವಿಮಾನಗಳು ಸಂಚರಿಸುವುದರಿಂದ ಉದ್ದದ ಪೆಟ್ಟಿಗೆಯನ್ನು ಸ್ವೀಕರಿಸುವರೇ ಎಂದು ಕೇಳಿ ಉತ್ತರವನ್ನು ಇ-ಮೇಲ್ ಮೂಲಕ ಪಡೆದಿಟ್ಟುಕೊಳ್ಳುವುದು. ದೇವನಹಳ್ಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಿಂದ ಹೊರಡುವವರು ಮೈಸೂರಿನಿಂದ ಸುಮಾರು 180 ಕಿ.ಮೀ. ರಸ್ತೆ ಪ್ರಯಾಣದ ಅವಧಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ವಿಮಾನ ಹೊರಡುವುದಕ್ಕೆ ಕನಿಷ್ಠ 3 ಗಂಟೆ ಮುಂಚಿತವಾಗಿ ತಲುಪಿ, ಸ್ವಯಂ ಲಗೇಜು ಯಂತ್ರಗಳನ್ನು ಬಳಸದೆ ಸಿಬ್ಬಂದಿ ಇರುವ ಕೌಂಟರಿಗೆ ಹೋಗುವುದು. ತಮ್ಮ ಬಳಿ ಪರವಾನಗಿಯುಳ್ಳ ಆಯುಧವಿದೆಯೆಂದು ಮೆಲುದನಿಯಲ್ಲಿ, ಸ್ಪಷ್ಟವಾಗಿ ತಿಳಿಸಿ, ಘೋಷಣಾ ನಮೂನೆಯನ್ನು ಭರ್ತಿ ಮಾಡುವುದು. ಸಿಬ್ಬಂದಿ ಹೇಳುವವರೆಗೆ ಪೆಟ್ಟಿಗೆಯನ್ನು ತೆರೆಯಬಾರದು. ಪರಿಶೀಲನೆ ಮುಗಿದು ಪೆಟ್ಟಿಗೆಗೆ ಮತ್ತೆ ಬೀಗ ಬೀಳುವವರೆಗೆ ಅಲ್ಲಿಂದ ಕದಲಬಾರದು. ಕೆಲವು ಸಂಸ್ಥೆಗಳು ಇದಕ್ಕೆ ಪ್ರತ್ಯೇಕ ಶುಲ್ಕ ವಿಧಿಸುತ್ತವೆ; ರಸೀದಿ ಪಡೆಯುವುದು.

ನಡುವೆ ವಿಮಾನ ಬದಲಿಸುವವರು ಎರಡೂ ಪ್ರಯಾಣಗಳಿಗೆ ಒಂದೇ ಟಿಕೆಟ್ ಪಡೆಯುವುದು ಒಳ್ಳೆಯದು. ಟಿಕೆಟ್‌ಗಳು ಬೇರೆಬೇರೆಯಾಗಿದ್ದರೆ ಪೆಟ್ಟಿಗೆಯನ್ನು ಬಿಡಿಸಿಕೊಂಡು ಮತ್ತೊಮ್ಮೆ ಘೋಷಿಸಬೇಕಾಗುತ್ತದೆ. ವಿದೇಶಕ್ಕೆ ಹೋಗುವವರು ತಲುಪುವ ದೇಶದ ಅನುಮತಿಯ ಜೊತೆಗೆ ನಡುವೆ ಇಳಿಯುವ ದೇಶದ ಅನುಮತಿಯನ್ನೂ ಪಡೆದಿರಬೇಕು. ಹೊರಡುವಾಗಲೇ ಸೀಮಾಸುಂಕ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದರೆ ಮರಳಿ ತರುವಾಗ ತೊಡಕಾಗದು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕೊಡಗಿನವರಾದ ನಮಗೆ ಪರವಾನಗಿಯಿಂದ ವಿನಾಯಿತಿ ಇದೆ. ವಿಮಾನಕ್ಕೂ ಅದು ಅನ್ವಯಿಸುವುದೇ?
ಉತ್ತರ: ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ 10 ವರ್ಷಗಳ ಅವಧಿಗೆ, ಅಂದರೆ 2029ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿದಿದೆ. ಈ ವಿನಾಯಿತಿ ಪರವಾನಗಿಗೆ ಸಂಬಂಧಿಸಿದ್ದು. ವಿಮಾನಯಾನ ಭದ್ರತಾ ನಿಯಮಗಳಿಂದ ವಿನಾಯಿತಿ ಇರುವುದಿಲ್ಲ. ವಿನಾಯಿತಿ ಪತ್ರದ ಮೂಲ ಪ್ರತಿಯನ್ನು ಒಯ್ಯುವುದು. ಹೊರ ರಾಜ್ಯದ ಸಿಬ್ಬಂದಿಗೆ ಈ ಪತ್ರದ ಪರಿಚಯವಿಲ್ಲದಿರಬಹುದಾದ್ದರಿಂದ ವಿಮಾನಯಾನ ಸಂಸ್ಥೆಗೆ ಅದರ ಪ್ರತಿಯನ್ನು ಮೊದಲೇ ಕಳುಹಿಸುವುದು.

ಪ್ರಶ್ನೆ: ಮದುವೆಗೆ ಪೀಚೆಕತ್ತಿ ಮತ್ತು ಒಡಿಕತ್ತಿಗಳನ್ನು ಒಯ್ಯಬಹುದೇ?
ಉತ್ತರ: ಕೈಚೀಲದಲ್ಲಿ ಅಥವಾ ಉಡುಪಿನ ಮೇಲೆ ಧರಿಸಿ ಒಯ್ಯುವಂತಿಲ್ಲ. ಅಲಗನ್ನು ಭದ್ರವಾಗಿ ಸುತ್ತಿ, ಕೌಂಟರಿನಲ್ಲಿ ತಿಳಿಸಿ, ನೋಂದಾಯಿತ ಲಗೇಜಿನಲ್ಲಿ ಕಳುಹಿಸುವುದು.

ಪ್ರಶ್ನೆ: ಪರವಾನಗಿ ಬೇಕಿಲ್ಲದ ಏರ್ ರೈಫಲಿಗೆ ಈ ಕ್ರಮ ಏಕೆ?
ಉತ್ತರ: ತಪಾಸಣಾ ಯಂತ್ರದಲ್ಲಿ ಅದೂ ಬಂದೂಕಿನಂತೆಯೇ ಕಾಣುತ್ತದೆ. ಘೋಷಿಸಿ, ನೋಂದಾಯಿತ ಲಗೇಜಿನಲ್ಲಿಯೇ ಕಳುಹಿಸತಕ್ಕದ್ದು. ಸೀಸದ ಪೆಲೆಟ್‌ಗಳನ್ನೂ ಕೈಚೀಲದಲ್ಲಿಡಬಾರದು. ಖರೀದಿ ರಸೀದಿಯ ಪ್ರತಿ ಜೊತೆಗಿರಲಿ.

ಪ್ರಶ್ನೆ: ಪೆಟ್ಟಿಗೆ ಬಾರದಿದ್ದರೆ ಏನು ಮಾಡಬೇಕು?
ಉತ್ತರ: ನಿಲ್ದಾಣದಿಂದ ಹೊರಹೋಗುವ ಮೊದಲೇ ವಿಮಾನಯಾನ ಸಂಸ್ಥೆಗೆ ಲಿಖಿತ ದೂರು ನೀಡಿ ಸ್ವೀಕೃತಿ ಪಡೆಯುವುದು. ಪತ್ತೆಯಾಗದಿದ್ದಲ್ಲಿ ವಿಳಂಬವಿಲ್ಲದೆ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿ, ಪರವಾನಗಿ ಪ್ರಾಧಿಕಾರಕ್ಕೂ ತಿಳಿಸತಕ್ಕದ್ದು. ರೈಫಲಿನ ಕ್ರಮಸಂಖ್ಯೆ ಮತ್ತು ಛಾಯಾಚಿತ್ರ ತಮ್ಮ ಬಳಿ ಪ್ರತ್ಯೇಕವಾಗಿರಲಿ.

ಸೂಚನೆ: ಈ ಪುಟವು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ. ವ್ಯತ್ಯಾಸ ಕಂಡುಬಂದಲ್ಲಿ ಅಧಿನಿಯಮ, ನಿಯಮಗಳು ಮತ್ತು ಪ್ರಯಾಣದ ದಿನದಂದು ಜಾರಿಯಲ್ಲಿರುವ ಭದ್ರತಾ ಆದೇಶಗಳೇ ಅಂತಿಮವಾಗಿರುತ್ತವೆ. ಪರವಾನಗಿ ನವೀಕರಣ ಮತ್ತು ವ್ಯಾಪ್ತಿ ವಿಸ್ತರಣೆಯ ಅರ್ಜಿಗಳನ್ನು ಸಂಬಂಧಪಟ್ಟ ಪರವಾನಗಿ ಪ್ರಾಧಿಕಾರದ ಕಚೇರಿಗೆ ಸಲ್ಲಿಸುವುದು.