ಗಾಲಿತಜಲ ಮತ್ತು ಪ್ರಾಸುಕಜಲ: ಒಂದು ಆಚಾರದ ಮರುಪರಿಶೀಲನೆ

ಕೆರೆ, ಬಾವಿ, ಹೊಳೆಗಳ ನೀರನ್ನು ಬಟ್ಟೆಯಲ್ಲಿ ಸೋಸಿ ಬಳಸುವುದು ಜೈನ ಶ್ರಾವಕಾಚಾರದ ಚಿರಪರಿಚಿತ ಅಂಗ. ಇಂದು ಇದನ್ನು ಸಮರ್ಥಿಸುವವರು ಬಹುಮಟ್ಟಿಗೆ ಆರೋಗ್ಯದ ಕಾರಣವನ್ನೇ ಮುಂದಿಡುತ್ತಾರೆ. ಪ್ರಾಚೀನ ಆಚಾರ್ಯರು ಸೂಕ್ಷ್ಮದರ್ಶಕವಿಲ್ಲದೆಯೇ ರೋಗಾಣುಗಳನ್ನು ಅರಿತಿದ್ದರು ಎನ್ನುವುದೂ ಉಂಟು. ಆದರೆ ವಿಧಿಯ ವಿವರಗಳನ್ನು ಗಮನಿಸಿದರೆ, ಅದು ಕಾಪಾಡಲು ಹೊರಟಿರುವುದು ಕುಡಿಯುವವನನ್ನಲ್ಲ, ನೀರಿನಲ್ಲಿರುವ ಜೀವಿಗಳನ್ನು ಎಂಬುದು ಸ್ಪಷ್ಟವಾಗುತ್ತದೆ.

ಜೈನ ದರ್ಶನದಲ್ಲಿ ನೀರಿನ ಹಿಂಸೆ ಎರಡು ಬಗೆಯದು. ನೀರನ್ನೇ ಶರೀರವಾಗಿ ಉಳ್ಳ ಅಪ್ಕಾಯಿಕ ಜೀವಗಳು ಏಕೇಂದ್ರಿಯಗಳು, ಸ್ಥಾವರಗಳು. ನೀರಿನಲ್ಲಿ ಚಲಿಸುವ ಹುಳುಗಳೇ ಮೊದಲಾದವು ತ್ರಸಜೀವಗಳು. ಅಣುವ್ರತಿಯಾದ ಗೃಹಸ್ಥನು ಸಂಕಲ್ಪಪೂರ್ವಕ ತ್ರಸಹಿಂಸೆಯನ್ನು ಬಿಡಬೇಕು. ಜೀವನಕ್ಕೆ ಅನಿವಾರ್ಯವಾದ ಸ್ಥಾವರಹಿಂಸೆಯನ್ನು ಮಿತಿಗೊಳಿಸಬೇಕು. ಸೋಸುವ ಕ್ರಿಯೆ ನಿಂತಿರುವುದು ಈ ಭೇದದ ಮೇಲೆ.

ಬಟ್ಟೆ ಹೊಸದಾಗಿ, ದಟ್ಟವಾಗಿ, ತೂತಿಲ್ಲದೆ ಇರಬೇಕು; 36 ಅಂಗುಲ ಉದ್ದ, 24 ಅಂಗುಲ ಅಗಲದ ವಸ್ತ್ರವನ್ನು ಎರಡು ಮಡಿಕೆ ಮಾಡಬೇಕೆಂಬುದು ಪರಂಪರೆಯ ಅಳತೆ. ಸೋಸಿದ ನೀರು ಒಂದು ಮುಹೂರ್ತ, ಅಂದರೆ 48 ನಿಮಿಷ, ಬಳಕೆಗೆ ಯೋಗ್ಯ. ಲವಂಗಾದಿಗಳಿಂದ ಪ್ರಾಸುಕಗೊಳಿಸಿದ್ದು ಎರಡು ಪ್ರಹರ. ಚೆನ್ನಾಗಿ ಕುದಿಸಿದ್ದು ಎಂಟು ಪ್ರಹರ. ಆ ಬಳಿಕ ಅದರಲ್ಲಿ ಮತ್ತೆ ಜೀವೋತ್ಪತ್ತಿಯಾಗುತ್ತದೆ ಎಂಬುದು ನಂಬಿಕೆ.

ಸೋಸುವುದಷ್ಟೇ ಆಗಿದ್ದರೆ ಅದು ಜೈನರ ವೈಶಿಷ್ಟ್ಯವಾಗುತ್ತಿರಲಿಲ್ಲ. ಸಂನ್ಯಾಸಿಯು ವಸ್ತ್ರದಲ್ಲಿ ಸೋಸಿದ ನೀರನ್ನು ಕುಡಿಯಬೇಕೆಂದು ಮನುಸ್ಮೃತಿಯ ಆರನೆಯ ಅಧ್ಯಾಯವೂ ವಿಧಿಸುತ್ತದೆ. ವೈಶಿಷ್ಟ್ಯವಿರುವುದು ಮುಂದಿನ ಹೆಜ್ಜೆಯಲ್ಲಿ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಅವು ಬಂದ ಜಲಾಶಯಕ್ಕೇ ಮರಳಿಸಬೇಕು. ಬಾವಿಯ ನೀರನ್ನು ಹೊಳೆಗೂ, ಹೊಳೆಯ ನೀರನ್ನು ಬಾವಿಗೂ ಚೆಲ್ಲುವಂತಿಲ್ಲ. ಉತ್ತರ ಭಾರತದಲ್ಲಿ 'ಜಿವಾನಿ' ಎಂದು ಕರೆಯುವ ಈ ಶೇಷವನ್ನು ಮೇಲಿನಿಂದ ಸುರಿದರೆ ಜೀವಿಗಳು ಸಾಯುತ್ತವೆಂದು, ತಳದಲ್ಲಿ ಬಳೆಯಿರುವ ಕೊಡವನ್ನು ನೀರಿನ ಮಟ್ಟಕ್ಕೆ ಇಳಿಸಿ ಮಗುಚುವ ರೂಢಿಯಿದೆ. 13ನೆಯ ಶತಮಾನದ ಪಂಡಿತ ಆಶಾಧರನು 'ಸಾಗಾರಧರ್ಮಾಮೃತ'ದಲ್ಲಿ ಕೆಟ್ಟ ಬಟ್ಟೆಯಲ್ಲಿ ಸೋಸುವುದನ್ನು ಹೇಗೋ ಹಾಗೆಯೇ ಶೇಷವನ್ನು ಬೇರೆಡೆ ಹಾಕುವುದನ್ನೂ ದೋಷವೆಂದು ಎಣಿಸುತ್ತಾನೆ. ಕುಡಿಯುವವನ ಆರೋಗ್ಯಕ್ಕೆ ಈ ಹೆಜ್ಜೆಯಿಂದ ಯಾವ ಲಾಭವೂ ಇಲ್ಲ.

ಹಾಗಾದರೆ ಕುದಿಸುವುದು ಹಿಂಸೆಯಲ್ಲವೆ? ಹಿಂಸೆಯೇ. ಆದುದರಿಂದಲೇ ಆರಂಭತ್ಯಾಗಿಯಾದ ಮುನಿ ತಾನು ನೀರು ಕಾಯಿಸುವುದಿಲ್ಲ, ತನಗಾಗಿ ಕಾಯಿಸಿರೆಂದು ಹೇಳುವುದೂ ಇಲ್ಲ. ವಿಹಾರಕಾಲದಲ್ಲಿ ಎಷ್ಟೇ ನದಿಗಳು ಎದುರಾದರೂ ಬೊಗಸೆಯೊಡ್ಡಿ ಕುಡಿಯುವಂತಿಲ್ಲ. ದಿಗಂಬರ ಮುನಿಗೆ ನೀರು ದೊರೆಯುವುದು ದಿನಕ್ಕೊಮ್ಮೆ, ಆಹಾರದೊಡನೆ. ಕಮಂಡಲುವಿನ ನೀರು ಶುಚಿತ್ವಕ್ಕೆ ಮಾತ್ರ. ಮೊದಲು ಸೋಸಿ ತ್ರಸಗಳನ್ನು ಮರಳಿಸಿ, ಅನಂತರ ಕುದಿಸುವ ಶ್ರಾವಕನು ಅನಿವಾರ್ಯವಾದ ಸ್ಥಾವರಹಿಂಸೆಯನ್ನು ಮಾತ್ರ ತನ್ನ ಮೇಲೆ ಹೊರುತ್ತಾನೆ.

ಆರೋಗ್ಯದ ಲಾಭ ಸುಳ್ಳಲ್ಲ. ಬಾಂಗ್ಲಾದೇಶದ ಮತ್ಲಬ್ ಪ್ರದೇಶದಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದಾಗ ಕಾಲರಾ ಶೇ. 48ರಷ್ಟು ತಗ್ಗಿತೆಂದು ರೀಟಾ ಕಾಲ್ವೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದರು. ಕಾಲರಾ ರೋಗಾಣುಗಳು ಅಂಟಿಕೊಂಡಿರುವ ಸಣ್ಣ ಜಲಚರಗಳು ಬಟ್ಟೆಯಲ್ಲಿ ಉಳಿಯುವುದೇ ಇದಕ್ಕೆ ಕಾರಣ. ಕರ್ನಾಟಕವನ್ನೂ ಕಾಡಿದ್ದ ನಾರುಹುಣ್ಣನ್ನು ತಡೆಯುವಲ್ಲಿಯೂ ಬಟ್ಟೆಯ ಸೋಸುವಿಕೆ ನೆರವಾಯಿತು. ಭಾರತ 2000ದಲ್ಲಿ ಆ ರೋಗದಿಂದ ಮುಕ್ತವೆಂದು ಘೋಷಿತವಾಯಿತು. ಆದರೆ ಬಿಡಿಯಾಗಿ ತೇಲುವ ರೋಗಾಣುಗಳು ಬಟ್ಟೆಯನ್ನು ದಾಟುತ್ತವೆ. ಅವುಗಳನ್ನು ಕೊಲ್ಲುವುದು ಕುದಿತವೇ.

ಈ ಫಲವನ್ನೇ ಆಚಾರದ ಮೂಲವೆಂದು ಹೇಳಿದರೆ ನಷ್ಟ ಜೈನ ದರ್ಶನಕ್ಕೇ. ಆರೋಗ್ಯವೊಂದೇ ಗುರಿಯಾದರೆ ಬಟ್ಟೆಯಲ್ಲಿ ಉಳಿದದ್ದು ಕಸವಾಗುತ್ತದೆ, ಎಲ್ಲಿ ಚೆಲ್ಲಿದರೂ ಸಲ್ಲುತ್ತದೆ. ಅದನ್ನು ಬಂದಲ್ಲಿಗೇ ಜೀವಂತವಾಗಿ ಮರಳಿಸಬೇಕೆಂಬ ವಿಧಿಯಲ್ಲಿ ಮಾತ್ರ ಅಹಿಂಸೆ ಉಳಿದಿದೆ. ನಲ್ಲಿ ಮತ್ತು ಶುದ್ಧೀಕರಣ ಯಂತ್ರಗಳ ಕಾಲದಲ್ಲಿ ಮೊದಲು ಕೈಬಿಟ್ಟುಹೋದದ್ದು ಆ ಹೆಜ್ಜೆಯೇ ಎಂಬುದನ್ನು ಅಧ್ಯಯನಕಾರರು ಗಮನಿಸಬೇಕು.