ಆಟಗಾರರ ಹರಾಜು

ಆಟಗಾರರ ಹರಾಜು: ಲೀಗ್ ಪಂದ್ಯಾವಳಿಯ ತಂಡಗಳು ತಮಗೆ ನಿಗದಿಯಾದ ಸಮಾನ ಮೊತ್ತದೊಳಗೆ ಸವಾಲು ಕೂಗಿ ಆಟಗಾರರನ್ನು ಪಡೆಯುವ ಆಯ್ಕೆ ಪದ್ಧತಿ. ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ಗಿಂತ ಇದು ಭಿನ್ನ. ಇಲ್ಲಿ ಯಾವ ಆಟಗಾರನಿಗಾದರೂ ಎಲ್ಲ ತಂಡಗಳೂ ಸವಾಲು ಹಾಕಬಹುದು. ಕಾಲ್ಪನಿಕ ತಂಡ ಕಟ್ಟುವ ಫ್ಯಾಂಟಸಿ ಕ್ರೀಡೆಯಲ್ಲಿ ಈ ಕ್ರಮ 1980ರ ಅಮೆರಿಕದ ರೋಟಿಸರಿ ಬೇಸ್‌ಬಾಲ್‌ನಿಂದ ಪ್ರಚಾರಕ್ಕೆ ಬಂದು, ಫ್ಯಾಂಟಸಿ ಫುಟ್‌ಬಾಲ್‌ಗೂ ಹಬ್ಬಿತು. ಭಾರತದಲ್ಲಿ ಐಪಿಎಲ್ ಕ್ರಿಕೆಟ್ ಲೀಗ್‌ನ ಮೊದಲ ಹರಾಜು 2008ರ ಫೆಬ್ರವರಿ 20ರಂದು ಮುಂಬೈಯಲ್ಲಿ ನಡೆಯಿತು.

ಪ್ರತಿ ಆಟಗಾರನಿಗೆ ಮೂಲಬೆಲೆ ಇರುತ್ತದೆ. ಯಾರೂ ಕೂಗದಿದ್ದರೆ ಆತ ಮಾರಾಟವಾಗದೆ ಉಳಿಯುತ್ತಾನೆ. ಬೆಂಗಳೂರಿನಲ್ಲಿ ನಡೆದ 2014 ಮತ್ತು 2018ರ ಐಪಿಎಲ್ ಹರಾಜುಗಳಲ್ಲಿ, ಹಳೆಯ ತಂಡವು ಅಂತಿಮ ಬೆಲೆ ತೆತ್ತು ತನ್ನ ಆಟಗಾರನನ್ನು ಮರಳಿ ಪಡೆಯುವ ‘ರೈಟ್ ಟು ಮ್ಯಾಚ್’ ಹಕ್ಕಿತ್ತು. 2022ರ ಫೆಬ್ರವರಿ 12–13ರ ಬೆಂಗಳೂರು ಹರಾಜಿನಲ್ಲಿ ತಂಡದ ಒಟ್ಟು ಮಿತಿ 90 ಕೋಟಿ ರೂ., ಆಟಗಾರರ ಸಂಖ್ಯೆ 18ರಿಂದ 25. 10 ತಂಡಗಳು 204 ಆಟಗಾರರನ್ನು ಕೊಂಡವು. ಇಶಾನ್ ಕಿಶನ್‌ಗೆ ಅತಿ ಹೆಚ್ಚು, 15.25 ಕೋಟಿ ರೂ. ಸಂದಿತು. ಹರಾಜುಗಾರ ಹ್ಯೂ ಎಡ್ಮೀಡ್ಸ್ ನಡುವೆ ಕುಸಿದುಬಿದ್ದುದರಿಂದ ಚಾರು ಶರ್ಮಾ ಕಾರ್ಯ ಮುಂದುವರಿಸಿದರು.

ಹರಾಜಿಗೆ ತಂಡಗಳು ನಡೆಸುವ ಸಿದ್ಧತೆಯ ತಿರುಳು ಲೆಕ್ಕಾಚಾರ. ತುಂಬಬೇಕಾದ ಇತರ ಸ್ಥಾನಗಳಿಗೆ ಕನಿಷ್ಠ ಮೊತ್ತ ಮೀಸಲಿಟ್ಟ ಮೇಲೆ ಉಳಿಯುವುದೇ ಗರಿಷ್ಠ ಸವಾಲು. ಸ್ಥಾನವಾರು ಪಟ್ಟಿ, ಪರ್ಯಾಯ ಹೆಸರುಗಳು, ಎದುರಾಳಿಗಳ ಬಳಿ ಉಳಿದ ಹಣದ ಎಣಿಕೆ, ಅಣಕು ಹರಾಜು ಇದರ ಭಾಗ. ಆರಂಭದಲ್ಲೇ ತಾರೆಯರಿಗೆ ಹಣ ಸುರಿದ ತಂಡಕ್ಕೆ ಕೊನೆಯ ಸುತ್ತುಗಳಲ್ಲಿ ಆಯ್ಕೆ ಕಡಿಮೆ.

ಕ್ರಿಕೆಟ್‌ನ ಕರ್ನಾಟಕ ಪ್ರೀಮಿಯರ್ ಲೀಗ್ (ಆರಂಭ 2009) ಮತ್ತು ಪ್ರೊ ಕಬಡ್ಡಿಯಲ್ಲೂ ಹರಾಜು ಪದ್ಧತಿ ಬಳಕೆಯಾಗಿದೆ. ಊರಮಟ್ಟದ ಟೆನಿಸ್ ಬಾಲ್ ಪಂದ್ಯಾವಳಿಗಳಲ್ಲಿ ಹಣದ ಬದಲು ಪಾಯಿಂಟ್‌ಗಳಲ್ಲಿ ಸವಾಲು ನಡೆಯುವುದುಂಟು.